ಉಡಿಯಲ್ಲಿಯ ಉತ್ತತ್ತಿ

ಹೊರಗಿನವರಿಗೆ ನಮ್ಮ ಕೊಗನೊಳ್ಳಿಯ ಗುರುತು ಹತ್ತುವದು ಅದರ ನಾಕಾದಿಂದ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಕಾಗಲವನ್ನು ಹಿಂದೆ ಹಾಕಿ ಕರ್ನಾಟಕದಲ್ಲಿ ಕಾಲಿಡುವದು ನಮ್ಮ ಶಿವಾರದಲ್ಲಿಯೇ. ಮುಂಬಯಿಯ ಕಡೆಯ ಬಂದರುಗಳಲ್ಲಿ ಇಳಿದ ಸರಕು ಬೆಳಗಾವಿ, ಹುಬ್ಬಳ್ಳಿಗಳನ್ನು ಕಾಣಬೇಕಾದರೆ ಬಹುಮಟ್ಟಿಗೆ ನಮ್ಮ ಮುಂದಿನಿಂದಲೇ ಹಾಯಬೇಕು. ಮಾಸ್ತರಿಕೆಯಿಂದ ನಿವೃತ್ತನಾದ ಬಳಿಕ ಸಂಜೆಯ ಹೊತ್ತು ರಸ್ತೆಯ ಬದಿಯ ಚಹದ ಅಂಗಡಿಯ ಬಾಕಿನ ಮೇಲೆ ಕೂತು ಲಾರಿ ನೋಡುವದು ನನಗೊಂದು ಚಟವಾಗಿದೆ. ತಾಡಪತ್ರಿ ಹೊದ್ದುಕೊಂಡು, ಟೋಲು ತೆತ್ತು, ಏದುಸಿರು ಬಿಡುತ್ತ ಅವು ಮುಂದೆ ಸಾಗುತ್ತವೆ. ತಾಡಪತ್ರಿಯ ಕೆಳಗೆ ಏನಿದೆ, ಅದು ಯಾವ ನಾಡಿನಲ್ಲಿ ಹುಟ್ಟಿತು ಎಂಬುದು ಎಷ್ಟೋ ಸಲ ಡ್ರೈವರನಿಗೂ ಗೊತ್ತಿರುವದಿಲ್ಲ. ಅವನ ಕೈಯಲ್ಲಿ ಇರುವದು ಒಂದು ಕಾಗದ. ಅದರಲ್ಲಿ ಬರೆದದ್ದನ್ನು ನಂಬಿ ಅವನು ಗಾಡಿ ಹೊಡೆಯುತ್ತಾನೆ.

ವೈರಿಯ ನಾಡಿನಲ್ಲಿ ತಯಾರಾದ ವಸ್ತುವನ್ನು ಕೊಳ್ಳಬಹುದೋ, ಕೊಳ್ಳಬಾರದೋ ಎಂಬ ವಾದ ಈ ಬಾಕಿನ ಮೇಲೆ ಆಗಾಗ ಏಳುತ್ತದೆ. ವಾದಿಸುವವರ ಬೆರಳುಗಳ ಸಂದಿಯಲ್ಲಿ ಬೀಡಿ ಇರುತ್ತದೆ. ನಿಪ್ಪಾಣಿಯ ಸೀಮೆಯೆಂದರೆ ತಂಬಾಕಿನ ಸೀಮೆ; ಈ ಬೆಳೆಯಿಂದಲೇ ನಮ್ಮ ಹಿರಿಯರು ಮನೆ ಕಟ್ಟಿದರು, ಮಕ್ಕಳ ಮದುವೆ ಮಾಡಿದರು, ಸಾಲವನ್ನೂ ಮಾಡಿದರು. ಈ ತಂಬಾಕನ್ನು ನಮ್ಮ ದೇಶಕ್ಕೆ ತಂದವರು ಪೋರ್ತುಗೀಜರು. ಅವರನ್ನು 1961ರ ಡಿಸೆಂಬರದಲ್ಲಿ ನಮ್ಮ ಸೈನ್ಯ ಗೋವೆಯಿಂದ ಹೊರಗೆ ಹಾಕಿತು. ತಂಬಾಕು ಮಾತ್ರ ನಮ್ಮಲ್ಲಿಯೇ ಉಳಿಯಿತು. ಅದನ್ನೂ ಬೇರುಸಹಿತ ಕಿತ್ತು ಪೋರ್ತುಗಾಲಕ್ಕೆ ಕಳಿಸಿರೆಂದು ಯಾರೂ ಅಂದದ್ದನ್ನು ನಾನು ಕೇಳಿಲ್ಲ.

ನಮ್ಮ ಅಜ್ಜನ ಕಾಲಕ್ಕೆ ವೈರಿಯೆಂದರೆ ಇಂಗ್ರೇಜಿಯವನು, ಅವನ ಸರಕೆಂದರೆ ಅರಿವೆ. 1924ರ ಡಿಸೆಂಬರದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಕೂಡಿತಷ್ಟೆ. ಕಾಂಗ್ರೆಸ್ಸಿನ ಸದಸ್ಯನಾಗಬೇಕಾದವನು ತಿಂಗಳಿಗೆ 2000 ಗಜ ನೂಲು ಕೊಡಬೇಕೆಂಬ ಕರಾರಿಗೆ ಒಪ್ಪಿಗೆ ಬಿದ್ದದ್ದು ಅಲ್ಲಿಯೇ. ಹುದಲಿಯ ಗಂಗಾಧರರಾವ ದೇಶಪಾಂಡೆಯವರು ಈ ಜಿಲ್ಲೆಗೆ ಖಾದಿಯ ಹುಚ್ಚು ಹಿಡಿಸಿದರು. ನಮ್ಮ ಅಜ್ಜ ಅಂದಿನಿಂದ ಸಾಯುವವರೆಗೆ ಖಾದಿ ಬಿಟ್ಟು ಬೇರೆ ಉಡಲಿಲ್ಲ. ಆದರೆ ಆ ಖಾದಿಯ ಅಂಗಿ ಹರಿದಾಗ ಅಜ್ಜಿ ಅದನ್ನು ಹೊಲಿಯುತ್ತಿದ್ದ ಸೂಜಿ ವಿಲಾಯತಿಯದು. ಕಂದೀಲಿನ ಗಾಜು ಎಲ್ಲಿಯದೋ ದೇವರೇ ಬಲ್ಲ. ಇದನ್ನು ಎತ್ತಿ ಆಡಿ ಅಜ್ಜನನ್ನು ಹಗುರು ಮಾಡುವದು ನನ್ನ ಉದ್ದೇಶವಲ್ಲ. ಕಾಣುವದನ್ನು ಬಿಡುವದೇ ಮನುಷ್ಯನ ಕೈಯಲ್ಲಿರುವದು. ಅವನು ಕಂಡದ್ದನ್ನು ಬಿಟ್ಟ, ಮತ್ತು ಬಿಟ್ಟ ಮೇಲೆ ತಿರುಗಿ ಮುಟ್ಟಲಿಲ್ಲ.

ಇನ್ನು ಜಪಾನದ ಮಾತು. ಮರಾಠಾ ಪಲ್ಟಣದ ಕೇಂದ್ರ ಬೆಳಗಾವಿಯಲ್ಲಿರುವದರಿಂದ ನಮ್ಮ ಭಾಗದ ಹಳ್ಳಿಗಳಿಂದ ಸೈನ್ಯಕ್ಕೆ ಸೇರುವದು ಹಳೆಯ ರೂಢಿ. ನಮ್ಮ ಓಣಿಯಲ್ಲಿ ಅಂಥ ಒಬ್ಬ ಮುದುಕನಿದ್ದ. 1944ರ ಮಾರ್ಚಿನಲ್ಲಿ ಮಣಿಪುರದ ಸಾಂಗಶಾಕ ಎಂಬ ಗುಡ್ಡದ ಮೇಲೆ ಮರಾಠಾ ಪಲ್ಟಣದ 4ನೆಯ ಬಟಾಲಿಯನ್ನು ಜಪಾನಿಯರ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಾಗ ಅವನು ಅಲ್ಲಿದ್ದವನು. ಗುಂಡಿಗಿಂತ ನೀರಡಿಕೆಯೇ ಹೆಚ್ಚು ಕಾಡಿತೆಂದು ಹೇಳುತ್ತಿದ್ದ. ಬಾವಿಕಟ್ಟೆಯಲ್ಲಿ ಯಾರಾದರೂ ತುಂಬಿದ ಕೊಡವನ್ನು ತುಳುಕಿಸಿದರೆ ಅವನಿಗೆ ತಡೆಯಲಾರದ ಸಿಟ್ಟು. 1985ರ ನಂತರ ನಮ್ಮ ಕಡೆಗೆ ಹೀರೋ ಹೊಂಡಾ ಮೋಟರ ಸೈಕಲ್ಲುಗಳು ಬರತೊಡಗಿದವು. ಅವನ ಮಗ ತಂಬಾಕಿನ ಹಣ ಬಂದ ವರ್ಷ ಒಂದನ್ನು ತಂದು, ಮಾಲೆ ಹಾಕಿ, ಟೆಂಗಿನಕಾಯಿ ಒಡೆದು ಬಾಗಿಲ ಮುಂದೆ ನಿಲ್ಲಿಸಿದ. ಹೊಂಡಾ ಎಂಬುದು ಜಪಾನದ ಹೆಸರೆಂದು ಯಾರೋ ಮುದುಕನ ಕಿವಿಯಲ್ಲಿ ಊದಿದರು. ಓಣಿಯೆಲ್ಲ ಏನಾಗುವದೋ ಎಂದು ನೋಡುತ್ತಿತ್ತು. ಮುದುಕ ಗಾಡಿಯನ್ನು ಒಂದು ಸುತ್ತು ಹಾಕಿ ಬಂದು ಮಗನನ್ನು ಕೇಳಿದ: “ಲೀಟರಿಗೆ ಎಷ್ಟ ಹೋಗತೈತಿ?”

ನಾನು ಮಾಸ್ತರ, ಸುಮ್ಮನಿರಲಾರದೆ ಇನ್ನೊಂದು ದಿನ ಅವನನ್ನು ಕೆಣಕಿದೆ. ಅವನು ಬಹಳ ಹೊತ್ತು ಬೀಡಿ ಎಳೆದು, “ನನ್ನ ಮ್ಯಾಲೆ ಗುಂಡ ಹಾರಿಸಿದಾಂವ ಈ ಗಾಡಿ ಮಾಡಿರಂಗಿಲ್ಲ ಬಿಡ, ಮಾಸ್ತರ. ಅಂವ ಅಲ್ಲೇ ಸತ್ತ,” ಎಂದ. ಅವನ ದನಿಯಲ್ಲಿ ಕ್ಷಮೆಯೂ ಇರಲಿಲ್ಲ, ಹಗೆಯೂ ಇರಲಿಲ್ಲ. ಸರ್ಕಾರದ ಮಟ್ಟಿಗೆ ಆ ಲೆಕ್ಕ ಬಹಳ ಹಿಂದೆಯೇ ಮುಗಿದಿತ್ತು. 1952ರ ಜೂನದಲ್ಲಿ ಭಾರತವು ಜಪಾನದೊಡನೆ ಬೇರೆಯಾಗಿಯೇ ಶಾಂತಿಯ ಒಪ್ಪಂದ ಮಾಡಿಕೊಂಡು ಯುದ್ಧಪರಿಹಾರದ ಹಕ್ಕನ್ನೂ ಬಿಟ್ಟುಕೊಟ್ಟಿತು. ಮುದುಕನ ಲೆಕ್ಕ ಮುಗಿಯಲು ಅದಕ್ಕಿಂತ ಮೂವತ್ತು ವರ್ಷ ಹೆಚ್ಚು ಹಿಡಿಯಿತು, ಅಷ್ಟೆ. ಇಂದು ನಾಕಾದಲ್ಲಿ ನಿಂತು ನೋಡಿದರೆ ಬಿಡದಿಯಲ್ಲಿ ತಯಾರಾದ ಟೊಯೋಟಾ ಗಾಡಿಗಳು ಹಿಂಡು ಹಿಂಡಾಗಿ ಹಾಯುತ್ತವೆ. ಆ ಕಾರಖಾನೆಯ ಹೆಸರಿನಲ್ಲಿ ಟೊಯೋಟಾದ ಪಕ್ಕಕ್ಕೆ ಕಿರ್ಲೋಸ್ಕರ ಎಂಬ ಹೆಸರೂ ಉಂಟು. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ತೊಡಗಿ ಸ್ವದೇಶಿ ನೇಗಿಲು ಮಾಡಿದ ಮನೆತನವದು.

ಚೀನದ ವಿಷಯ ಇಷ್ಟು ತಿಳಿಯಾಗಿಲ್ಲ, ಗಾಯ ಹಸಿಯಾಗಿದೆ. 2020ರ ಜೂನ 15ರ ರಾತ್ರಿ ಗಲವಾನ ಕಣಿವೆಯಲ್ಲಿ ನಮ್ಮ 20 ಜನ ಸೈನಿಕರು ಮಡಿದರು. ತಿಂಗಳು ಮುಗಿಯುವಷ್ಟರಲ್ಲಿ ಸರ್ಕಾರ 59 ಚೀನೀ ಆ್ಯಪುಗಳನ್ನು ಬಂದು ಮಾಡಿತು. ಆ ವರ್ಷ ಕೊರೋನಾದ ದೆಸೆಯಿಂದ ನಮ್ಮ ನಾಕಾದಲ್ಲಿ ಮನುಷ್ಯರನ್ನೇ ತಡೆದು ನಿಲ್ಲಿಸುತ್ತಿದ್ದರು. ಕಾಗಲದ ಬೀಗರು ಕೊಗನೊಳ್ಳಿಗೆ ಬರುವಂತಿರಲಿಲ್ಲ. ಸರಕಿನ ಲಾರಿಗಳಿಗೆ ಮಾತ್ರ ದಾರಿ ಇತ್ತು. ನಮ್ಮೂರ ಹುಡುಗರು ಗಣಪತಿಯ ಮುಂದೆ ಚೀನದ ದೀಪದ ಸರ ಕಟ್ಟಬಾರದೆಂದು ನಿಶ್ಚಯ ಮಾಡಿದರು. ಆ ನಿಶ್ಚಯವನ್ನು ಊರಿಗೆಲ್ಲ ಸಾರಿದ್ದು ಚೀನದ ಹೆಸರು ಹೊತ್ತ ಫೋನುಗಳ ಮೂಲಕ. ನನ್ನ ಸರಿಕರು ಇದನ್ನು ಹೇಳಿ ಹೇಳಿ ನಗುತ್ತಾರೆ. ನನಗೆ ಅಷ್ಟೊಂದು ನಗೆ ಬರುವದಿಲ್ಲ. ದೀಪದ ಸರ ನೂರು ರೂಪಾಯಿಯದು, ಬಿಡಬಹುದು. ಫೋನು ಹನ್ನೆರಡು ಸಾವಿರದ್ದು, ಅದೂ ತಂದೆಯನ್ನು ಕಾಡಿ ಬೇಡಿ ಪಡೆದದ್ದು. ಅದರ ಮೇಲೆಯೇ ಆ ವರ್ಷ ಶಾಲೆ ನಡೆದಿತ್ತು. ಅಜ್ಜನ ಸೂಜಿಯೂ ಇಂಥದೇ ಅಲ್ಲವೆ? ದೊಡ್ಡವರ ವ್ಯವಹಾರವಾದರೂ ಹೇಗಾಯಿತು? ನಾಲ್ಕು ವರ್ಷ ತುಂಬುವದರೊಳಗೆ, 2023-24ರಲ್ಲಿ, ಭಾರತ ಎಲ್ಲ ದೇಶಗಳಿಗಿಂತ ಹೆಚ್ಚು ಸರಕು ತರಿಸಿದ್ದು ಚೀನದಿಂದ. ಅಲ್ಲಿಂದ ತರಿಸಿದ ಸರಕಿನ ಬೆಲೆ 10,000 ಕೋಟಿ ಡಾಲರನ್ನು ದಾಟಿತ್ತು.

ಮೋಟರ ಸೈಕಲ್ಲು, ದೀಪದ ಸರ, ಫೋನು ಇವೆಲ್ಲ ಮೈಮೇಲೆ ಹುಟ್ಟಿದೂರಿನ ಹೆಸರು ಬರೆಸಿಕೊಂಡು ಬರುವ ವಸ್ತುಗಳು. ಬಿಡಬೇಕೆಂದವರು ಓದಿ ನೋಡಿ ಬಿಡಬಹುದು. ಹೆಸರಿಲ್ಲದೆ ಒಳಗೆ ಬಂದು, ದೇವರ ಮನೆಯಲ್ಲಿ ಸೇರಿ, ನಮ್ಮವೇ ಆಗಿ ಕೂತಿರುವವೂ ಉಂಟು. ಏಕಾದಶಿಯ ದಿನ ಸಾಬೂದಾಣಿಗೆ ಹಾಕುವ ಸೈಂಧಲವಣ ಅಂಥದು. ಸಿಂಧು ದೇಶದ್ದು ಎಂದು ಅದರ ಹೆಸರೇ ಕೂಗಿ ಹೇಳುತ್ತದೆ. ಆದರೂ ಅದು ಪಾಕಿಸ್ತಾನದ ಖೇವಡಾ ಗಣಿಯಿಂದ ಬರುತ್ತಿದ್ದ ಉಪ್ಪೆಂದರೆ ಉಪವಾಸ ಮಾಡುವವರು ನಂಬಲೊಲ್ಲರು. ಹಿಮಾಚಲದ ಮಂಡಿಯ ಕಡೆಗೆ ಅಂಥ ಉಪ್ಪು ತುಸು ಸಿಗುತ್ತದೆ, ಇಷ್ಟು ದೊಡ್ಡ ದೇಶದ ಏಕಾದಶಿಗೆ ಅದು ಎಲ್ಲಿ ಸಾಲಬೇಕು!

ಉಪ್ಪಿನ ಮಾತು ಒತ್ತಟ್ಟಿಗಿರಲಿ. ನಾನು ಹೇಳಬೇಕೆಂದಿರುವದು ಉತ್ತತ್ತಿಯ ಮಾತು.

ಉತ್ತತ್ತಿಯಿಲ್ಲದೆ ನಮ್ಮ ಕಡೆಗೆ ಯಾವ ಮಂಗಲಕಾರ್ಯವೂ ಸಾಗದು. ಮುತ್ತೈದೆಗೆ ಉಡಿ ತುಂಬುವಾಗ ಅಕ್ಕಿ, ಖಣ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಅಡಿಕೆ, ಇವುಗಳ ಜೊತೆಗೆ ಉತ್ತತ್ತಿ ಬೇಕೇ ಬೇಕು. ಮಗಳು ತವರು ಬಿಟ್ಟು ಹೊರಟಾಗ ಉಡಿ, ಕುಬಸಕ್ಕೆ ಉಡಿ, ದೇವಿಗೆ ಉಡಿ. ತೇರು ಎಳೆಯುವಾಗ ಜನ ಉತ್ತತ್ತಿ, ಬಾಳೆಹಣ್ಣುಗಳನ್ನು ಕಳಸದ ಕಡೆಗೆ ಎಸೆಯುತ್ತಾರೆ. ಕೆಳಗೆ ಬಿದ್ದ ಉತ್ತತ್ತಿಗಾಗಿ ನಾವು ಹುಡುಗರು ತೇರಿನ ಗಾಲಿಯ ಹತ್ತಿರದವರೆಗೂ ನುಗ್ಗಿ ಪೆಟ್ಟು ತಿಂದದ್ದುಂಟು. ಮರಾಠಿಯವರು ಇದಕ್ಕೆ ಖಾರೀಕ ಎನ್ನುತ್ತಾರೆ. ನಮ್ಮ ಗಡಿಯ ಮನೆಗಳಲ್ಲಿ ಎರಡೂ ಹೆಸರು ನಡೆಯುತ್ತವೆ. ಭಾಷೆಯ ಜಗಳ ಉತ್ತತ್ತಿಯವರೆಗೆ ಇನ್ನೂ ಬಂದಿಲ್ಲ.

ಇಷ್ಟಾಗಿಯೂ ನಮ್ಮ ಸೀಮೆಯಲ್ಲಿ ಉತ್ತತ್ತಿಯ ಗಿಡವೊಂದನ್ನು ಯಾರೂ ಕಂಡವರಿಲ್ಲ. ನಮಗೆ ಬರುತ್ತಿದ್ದ ಉತ್ತತ್ತಿಯ ದೊಡ್ಡ ಪಾಲು ಬೆಳೆಯುವದು ಪಾಕಿಸ್ತಾನದ ಸಿಂಧ ಪ್ರಾಂತದಲ್ಲಿ, ಖೈರಪುರ, ಸುಕ್ಕೂರುಗಳ ಸುತ್ತಿನ ಖರ್ಜೂರದ ತೋಟಗಳಲ್ಲಿ. ಅಲ್ಲಿ ಹಣ್ಣು ಮಾಗುವ ಹೊತ್ತಿಗೂ ಮುಂಗಾರಿನ ಮೋಡ ಬರುವ ಹೊತ್ತಿಗೂ ಗಂಟು ಬಿದ್ದಿದೆ. ಗಿಡದ ಮೇಲೆ ಪೂರಾ ಹಣ್ಣಾಗಲು ಬಿಟ್ಟರೆ ಒಂದು ಮಳೆಗೆ ಗೊನೆಯೆಲ್ಲ ಕೊಳೆತು ಹೋಗುವ ಭಯ. ಅದಕ್ಕೆಂದು ಕಾಯಿ ಹಳದಿಗೆ ತಿರುಗಿದ ಕೂಡಲೆ ಇಳಿಸಿ, ದೊಡ್ಡ ಕಡಾಯಿಗಳಲ್ಲಿ ಕುದಿಸಿ, ಚಾಪೆಯ ಮೇಲೆ ಹರವಿ ಬಿಸಿಲಿಗೆ ಒಣಗಿಸುತ್ತಾರೆ. ಹೀಗೆ ಮಳೆಗೆ ಅಂಜಿ ಅರೆಮಾಗಿದಾಗಲೇ ಒಣಗಿದ ಹಣ್ಣೇ ಉತ್ತತ್ತಿ. ನಾವು ಇಲ್ಲಿ ಮೃಗಶಿರ, ಆರಿದ್ರಾ ಎಂದು ಮುಗಿಲಿಗೆ ಮುಖ ಮಾಡಿ ಕೂತಿರುವಾಗ ಅಲ್ಲಿಯ ರೈತ ಅದೇ ಮುಗಿಲಿಗೆ ಅಂಜಿ ಒಲೆ ಹೊತ್ತಿಸುತ್ತಾನೆ. ನಮ್ಮ ಕಚ್ಛದಲ್ಲಿಯೂ ಈ ಗಿಡಗಳಿವೆ, ಮಳೆಯ ಭಯವೂ ಇದೆ. ಅವರು ಆ ಹಳದಿ ಕಾಯಿಯನ್ನು ಹಸಿಯಾಗಿಯೇ ಮಾರಿಬಿಡುತ್ತಾರೆ. ಕಚ್ಛದ ಖಾರೇಕಿಗೆ 2024ರಲ್ಲಿ ಭೌಗೋಲಿಕ ಗುರುತಿನ ಮಾನವೂ ಸಿಕ್ಕಿತು. ಅದನ್ನು ಕುದಿಸಿ ಒಣಗಿಸುವ ಕೆಲಸ ದೊಡ್ಡದಾಗಿ ಬೆಳೆದರೆ ನಮ್ಮ ಉಡಿ ನಮ್ಮ ದೇಶದೊಳಗೇ ತುಂಬೀತು.

ಈ ಉತ್ತತ್ತಿಯ ದಾರಿ ಮುಚ್ಚಿದ್ದು ಇದೇ ಮೊದಲಲ್ಲ. 1965ರ ಯುದ್ಧದಿಂದ ಎರಡೂ ದೇಶಗಳ ವ್ಯಾಪಾರ ನಿಂತದ್ದು ಮತ್ತೆ ತೆರೆದದ್ದು 1974ರ ಒಪ್ಪಂದದ ಬಳಿಕ. ಆ ನಡುವೆ ನಮ್ಮೂರಲ್ಲಿ ಮದುವೆಗಳೇನೂ ನಿಲ್ಲಲಿಲ್ಲ. ಖರ್ಜೂರದ ನಾಡುಗಳು ಬೇರೆಯೂ ಇದ್ದವು, ಇರಾಕ ಇತ್ತು, ಇರಾಣ ಇತ್ತು. ಹಾಗೆ ನೋಡಿದರೆ ಇರಾಕವೂ ನಮ್ಮ ಪಲ್ಟಣಗಳಿಗೆ ಹೊಸದಲ್ಲ: ಮೊದಲನೆಯ ಮಹಾಯುದ್ಧದಲ್ಲಿ ಮರಾಠಾ ಪಲ್ಟಣಗಳು ಬಸರಾ ದಾಟಿ ಮೇಲೆ ಹೋಗಿ, ಕೂತ್ ಎಂಬ ಊರಿನಲ್ಲಿ ತುರ್ಕರ ಮುತ್ತಿಗೆಯಲ್ಲಿ ಸಿಕ್ಕು, 1916ರಲ್ಲಿ ಸೆರೆಯಾದವು. ಖರ್ಜೂರ ಬೆಳೆಯುವ ನಾಡನ್ನು ಹುಡುಕಿ ಹುಡುಕಿ ನಮ್ಮವರನ್ನು ಕಾದಲು ಕಳಿಸಿದರೋ ಎಂದು ಒಮ್ಮೊಮ್ಮೆ ಅನಿಸುತ್ತದೆ.

2019ರ ಫೆಬ್ರುವರಿ 14ಕ್ಕೆ ಪುಲವಾಮಾದಲ್ಲಿ ಕೇಂದ್ರ ಮೀಸಲು ಪೋಲೀಸ ಪಡೆಯ 40 ಜನ ಜವಾನರು ಸತ್ತರು. ಎರಡು ದಿನಗಳಲ್ಲಿ ಪಾಕಿಸ್ತಾನದ ಸರಕಿನ ಮೇಲೆ ನೂರಕ್ಕೆ 200ರ ಸುಂಕ ಬಿತ್ತು. ಅಟ್ಟಾರಿಯ ದಾರಿಯಿಂದ ಬರುತ್ತಿದ್ದ ಉತ್ತತ್ತಿ ನಿಂತಿತು. ನಿಂತಿತೆಂದರೆ, ಆ ದಾರಿಯಿಂದ ನಿಂತಿತು. ಮುಂದೆ ಅದು ಕಡಲು ಹಾಯ್ದು, ದುಬೈಯಲ್ಲಿ ಕುಲಗೋತ್ರ ಬದಲಿಸಿಕೊಂಡು ಬರಹತ್ತಿತು. 2025ರ ಮೇ ತಿಂಗಳಲ್ಲಿ ಸರ್ಕಾರ, ನೇರವಾಗಿ ಬರಲಿ, ಸುತ್ತು ಹಾಕಿ ಬರಲಿ, ಪಾಕಿಸ್ತಾನದ ಯಾವ ಸರಕೂ ಬರಕೂಡದೆಂದು ಅಪ್ಪಣೆ ಮಾಡಿತು. ಮರು ತಿಂಗಳಲ್ಲಿಯೇ ಸುಂಕದ ಗುಪ್ತಚರ ಅಧಿಕಾರಿಗಳು ಮುಂಬಯಿಯ ಹತ್ತಿರದ ನ್ಹಾವಾ ಶೇವಾ ಬಂದರಿನಲ್ಲಿ 39 ಕಂಟೇನರುಗಳನ್ನು, ಒಟ್ಟು 1,115 ಟನ್ನು ಸರಕನ್ನು ಹಿಡಿದುದಾಗಿ ಸಾರಿದರು. ಬೆಲೆ ಸುಮಾರು 9 ಕೋಟಿ ರೂಪಾಯಿ. ಕಾಗದದಲ್ಲಿ ಅದು ಅರಬ ಸಂಸ್ಥಾನದ ಸರಕು, ಪೆಟ್ಟಿಗೆಯಲ್ಲಿ ಪಾಕಿಸ್ತಾನದ್ದು. ಅದರೊಳಗೆ ಉತ್ತತ್ತಿಯೂ ಇತ್ತು. ಸುದ್ದಿ ಓದಿದ ಸಂಜೆ ಬಾಕಿನ ಮೇಲೆ ಕೂತಾಗ ಲಾರಿಗಳ ತಾಡಪತ್ರಿಯನ್ನು ನಾನು ತುಸು ಹೆಚ್ಚು ಲಕ್ಷ್ಯಕೊಟ್ಟು ನೋಡಿದೆ.

ಸರ್ಕಾರ ಹೀಗೆ ದಾರಿ ಕಟ್ಟುವದು ತಪ್ಪೆಂದು ನಾನು ಹೇಳಲಾರೆ. ಕಾದಾಟಕ್ಕಿಂತ ಸುಂಕ ಅಗ್ಗ. ಆದರೆ ಅಂಗಡಿಯ ಮುಂದೆ ನಿಂತು ‘ಇದು ಬೇಡ’ ಎನ್ನುವ ಅಧಿಕಾರ ಯಾರದು, ಯಾರ ಹೆಸರಿನಲ್ಲಿ ಬೇಡ ಎನ್ನುತ್ತೇವೆ, ಈ ಪ್ರಶ್ನೆ ಸುಂಕದ ಪ್ರಶ್ನೆಗಿಂತ ತೊಡಕಿನದು. ನಮ್ಮ ಮನೆಯಲ್ಲಿ ಅದು ಒಂದು ಸಲ ಎದ್ದು ನಿಂತಿತು.

ನನ್ನ ಸೋದರತ್ತೆ, ತಂದೆಯ ಕೊನೆಯ ತಂಗಿ, 18ನೆಯ ವಯಸ್ಸಿಗೆ ಮದುವೆಯಾಗಿ 20ಕ್ಕೆ ತವರಿಗೆ ಹಿಂದಿರುಗಿದವಳು. ಅವಳ ಗಂಡ ಮರಾಠಾ ಪಲ್ಟಣದಲ್ಲಿದ್ದ. 1971ರ ಡಿಸೆಂಬರದ ಯುದ್ಧದಲ್ಲಿ ಪೂರ್ವ ಬಂಗಾಲದಲ್ಲಿ ಮಡಿದ. ತಾರು ಬಂದದ್ದು ತಂಬಾಕಿನ ಕುಡಿ ಚಿವುಟುವ ದಿನಗಳಲ್ಲಿ. ತಂದೆ ಅಂಟು ಕೈಯಿಂದಲೇ ಅದನ್ನು ಹಿಡಿದುಕೊಂಡು ಹೊಲದಲ್ಲಿ ನಿಂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ನಾನಾಗ 11 ವರ್ಷದವನು. ಮೈ ಬರಲಿಲ್ಲ, ಕೆಲ ತಿಂಗಳ ಮೇಲೆ ಒಂದು ಕಬ್ಬಿಣದ ಟ್ರಂಕು ಬಂತು. ಅದರಲ್ಲಿ ಎರಡು ಅಂಗಿ, ಒಂದು ಕನ್ನಡಿ, ಅತ್ತೆ ಬರೆಯಿಸಿದ ಕಾರ್ಡುಗಳು. ಆ ಮನುಷ್ಯ ಬಿದ್ದ ನೆಲ ಈಗ ಬೇರೆಯೇ ದೇಶ. ಅಲ್ಲಿ ಹೊಲಿದ ಅಂಗಿಗಳು ನಮ್ಮ ಪೇಟೆಗಳವರೆಗೂ ಬಂದಿವೆ.

ಅತ್ತೆಯ ಕೈಗೆ ಪಿಂಚಣಿ ಬರುತ್ತಿತ್ತು. ಅದರಿಂದಲೇ ನನ್ನ ಕಾಲೇಜಿನ ಫೀ ಹೋಯಿತು. ಮನೆಯಲ್ಲಿ ಅವಳ ಮಾತಿಗೆ ಬೆಲೆ ಇತ್ತು. ಆದರೆ ಮುತ್ತೈದೆಯರು ಸಾಲಾಗಿ ಮಣೆಯ ಮೇಲೆ ಕೂತಾಗ ಅವಳು ಅಲ್ಲಿ ಇರುವದಿಲ್ಲ. ಅವಳು ಒಳಗೆ, ಉಗ್ರಾಣದಲ್ಲಿ, ಉಡಿಯ ಸಾಮಾನು ಹಸನು ಮಾಡುತ್ತಿರುತ್ತಾಳೆ. ಉತ್ತತ್ತಿ ಆರಿಸುವದರಲ್ಲಿ ಅವಳ ಕೈ ಹಿಡಿಯುವವರು ಊರಲ್ಲಿಲ್ಲ. ಮರದಲ್ಲಿ ಸುರಿದುಕೊಂಡು ಒಂದೊಂದನ್ನೇ ಅಂಗೈಯಲ್ಲಿ ತೂಗಿ ನೋಡುತ್ತಾಳೆ, ಹಗುರಾದದ್ದು ಹುಳ ಬಿದ್ದದ್ದು, ಅದು ಅತ್ತ, ಭಾರವಾದದ್ದು ಇತ್ತ. ಹೀಗೆ ಎಷ್ಟು ಮದುವೆಗಳ, ಎಷ್ಟು ಕುಬಸಗಳ ಉತ್ತತ್ತಿ ಅವಳ ಅಂಗೈಯಲ್ಲಿ ಹಾಯ್ದು ಹೋಗಿದೆಯೋ! 1971ರಿಂದ ಅವಳ ಉಡಿಯಲ್ಲಿ ಮಾತ್ರ ಒಂದೂ ಬೀಳಲಿಲ್ಲ.

2019ರ ಮಾರ್ಚಿನಲ್ಲಿ ನನ್ನ ಮಗಳ ಕುಬಸ. ಸಾಮಾನಿನ ಯಾದಿ ಹಿಡಿದುಕೊಂಡು ನಿಪ್ಪಾಣಿಯ ಪೇಟೆಗೆ ಹೋದರೆ ಕಿರಾಣಿ ಅಂಗಡಿಯವನು ಉತ್ತತ್ತಿಯ ದರ ಹೇಳುವಾಗ ದನಿ ತಗ್ಗಿಸಿದ. ಯಾಕಪ್ಪಾ ಎಂದರೆ, “ಪಾಕಿಸ್ತಾನದ್ದು ಬಂದ ಆಗೇತ್ರಿ, ಸರ. ಇದು ಹಳೇ ಮಾಲು, ಇದ ಮುಗದ್ರ ಮುಂದ ಹೆಂಗೋ ಏನೋ,” ಎಂದ. ನನ್ನ ಜೊತೆಗೆ ನನ್ನ ತಮ್ಮನ ಮಗ ಇದ್ದ. ಕೊಲ್ಲಾಪುರದಲ್ಲಿ ಕಾಲೇಜಿಗೆ ಹೋಗುವ ಹುಡುಗ. ಅವನ ಮುಖ ಕೆಂಪಾಯಿತು. ಮನೆಗೆ ಬಂದವನೇ ಪಡಸಾಲೆಯಲ್ಲಿ ಎಲ್ಲರಿಗೂ ಕೇಳಿಸುವಂತೆ, “ಈ ಕಾರ್ಯಕ್ಕ ಉತ್ತತ್ತಿ ಬ್ಯಾಡ. ಅವರ ಕೈಯಾಗ ನಮ್ಮ ಮನಿ ಮನಷ್ಯಾ ಸತ್ತಾನ. ಆಯಿ ಇರೋ ಮನಿಯೊಳಗ ಅವರ ಮಾಲು ತರೂದು ಅಂದ್ರ ಏನ?” ಎಂದ.

ಹುಡುಗನ ಮಾತನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವಂತಿರಲಿಲ್ಲ. ತಾನು ಹುಟ್ಟುವ ಎಷ್ಟೋ ವರ್ಷ ಮೊದಲು ಸತ್ತವನನ್ನು ಅವನು ತನ್ನ ಮನೆಯ ಮನುಷ್ಯನೆಂದು ನೆನೆದನಲ್ಲ, ನನಗೆ ಅದು ಹಿತವೆನಿಸಿತು. ಹೆಂಗಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿದರು. ಚೊಚ್ಚಲ ಬಸಿರಿಗೆ ಉತ್ತತ್ತಿ ಇಲ್ಲದ ಉಡಿಯೆ? ಆದರೆ ಅತ್ತೆಯ ಹೆಸರು ಬಂದ ಮೇಲೆ ಎದುರು ಮಾತಾಡುವವರಾರು?

ಅತ್ತೆ ಉಗ್ರಾಣದ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಮರವಿತ್ತು.

“ತಮ್ಮಾ, ನೀ ಅವರನ್ನ ನೋಡಿಲ್ಲ. ನಾನೂ ಎರಡ ವರ್ಷದಾಗ ನಾಕೈದ ತಿಂಗಳ ನೋಡೇನಿ, ರಜಾಕ್ಕ ಬಂದಾಗ. ನಿನಗ ಬ್ಯಾಡಂದ್ರ ನೀ ತಿನ್ನಬ್ಯಾಡ. ನನ್ನ ಹೆಸರ ಮ್ಯಾಲೆ ಹುಡುಗಿ ಉಡಿ ಬರಿದು ಮಾಡಬ್ಯಾಡ್ರಿ.”

ಯಾರೂ ಮಾತಾಡಲಿಲ್ಲ. ತುಸು ಹೊತ್ತು ನಿಂತು ಅವಳೇ ಕೇಳಿದಳು: “ಅಲ್ಲೆ ಇವನ್ನ ಯಾರ ಆರಸ್ತಾರ? ಹೆಂಗಸರೇನು?” ನನಗೆ ತಿಳಿದ ಮಟ್ಟಿಗೆ ಕುದಿಸುವದನ್ನೂ ಹರವುವದನ್ನೂ ಹೇಳಿದೆ, ಆರಿಸುವ ಕೆಲಸದಲ್ಲಿ ಹೆಂಗಸರೂ ಮಕ್ಕಳೂ ಇರುತ್ತಾರೆಂದೆ. “ಕೂಲಿ ಏನ ಕೊಡತಾರೋ,” ಎಂದು ಒಳಗೆ ಹೋದಳು. ಕುಬಸದ ದಿನ ಹಿಡಿಹಿಡಿಯಾಗಿ ಹಾಕುವಲ್ಲಿ ಉಡಿಗೆ ಐದೈದು ಉತ್ತತ್ತಿ ಎಣಿಸಿ ಹಾಕಿದರು. ದರಕ್ಕೆ ಅಂಜಿ ಹಾಗೆ ಮಾಡಿದರೋ, ಹುಡುಗನ ಮನಸ್ಸನ್ನೂ ಒಂದಿಷ್ಟು ಕಾಯ್ದರೋ, ನಾನು ಕೇಳಲು ಹೋಗಲಿಲ್ಲ. ಅವನು ಊಟಕ್ಕೆ ಕೂತ, ಉತ್ತತ್ತಿ ಮುಟ್ಟಲಿಲ್ಲ. ಇಂದಿಗೂ ಮುಟ್ಟುವದಿಲ್ಲ. ಅತ್ತೆ ಅವನನ್ನು ಒತ್ತಾಯ ಮಾಡುವದೂ ಇಲ್ಲ.

ಅಂದಿನಿಂದ ನನ್ನ ತಲೆಯಲ್ಲಿ ಒಂದು ಮಾತು ಸುತ್ತುತ್ತಿದೆ. ಅತ್ತೆಯ ಗಂಡನನ್ನು ಕಸಿದದ್ದು ಯುದ್ಧ. ಅವಳ ಉಡಿಯನ್ನು ಕಸಿದದ್ದು ಯಾವ ವೈರಿಯೂ ಅಲ್ಲ, ಊರ ರೂಢಿ. ಪಾಕಿಸ್ತಾನದ ಉತ್ತತ್ತಿ ಈ ಮನೆಯಲ್ಲಿ ಬರಬಾರದೆಂದು ಒಂದು ದಿನ ಅಷ್ಟು ಗದ್ದಲವಾಯಿತು; ಯಾವ ದೇಶದ ಉತ್ತತ್ತಿಯೂ ಅವಳ ಸೆರಗಿನಲ್ಲಿ ಬೀಳಬಾರದೆಂಬ ಕಟ್ಟಳೆ 48 ವರ್ಷ ಸದ್ದಿಲ್ಲದೆ ನಡೆದಿತ್ತು.

2022ರ ಮೇ ತಿಂಗಳಲ್ಲಿ ನಾಕಾದ ಆಚೆಯಿಂದ ಒಂದು ಸುದ್ದಿ ಬಂತು. ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ, ನಮ್ಮಿಂದ ಬಹಳ ದೂರದ ಊರಲ್ಲ. ಗಂಡ ಸತ್ತವಳ ಕುಂಕುಮ ಅಳಿಸುವದು, ಬಳೆ ಒಡೆಯುವದು, ತಾಳಿ-ಕಾಲುಂಗುರ ತೆಗೆಯುವದು ಇವನ್ನೆಲ್ಲ ಇನ್ನು ಮಾಡಕೂಡದೆಂದು ಅಲ್ಲಿಯ ಗ್ರಾಮಸಭೆ ಠರಾವು ಮಾಡಿತು. ಆ ಮಾದರಿಯನ್ನು ಉಳಿದ ಊರುಗಳೂ ಹಿಡಿಯಲೆಂದು ಮಹಾರಾಷ್ಟ್ರ ಸರ್ಕಾರ ಅದೇ ತಿಂಗಳಲ್ಲಿ ಸುತ್ತೋಲೆ ಹೊರಡಿಸಿತು. ನಾನು ಪತ್ರಿಕೆಯನ್ನು ಅತ್ತೆಗೆ ಓದಿ ಹೇಳಿದೆ. ಕೇಳಿ, “ಹೂಂ,” ಎಂದು ಬೇಳೆ ಆರಿಸುವದನ್ನು ಮುಂದುವರಿಸಿದಳು. ನಮ್ಮೂರಲ್ಲಿ ಬಾಕಿನ ಮೇಲೆ ನಾಲ್ಕು ದಿನ ಚರ್ಚೆಯಾಯಿತು. ಪರವೂ ಆಯಿತು, ವಿರೋಧವೂ ಆಯಿತು, ಚಹದ ಬಿಲ್ಲು ಆಯಿತು.

ಆ ವರ್ಷ ಪಂಚಮಿಗೆ ನನ್ನ ಮಗಳು ಮೂರು ವರ್ಷದ ಕೂಸನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಹೊರಡುವ ದಿನ ಅವಳ ತಾಯಿ ಅವಳ ಉಡಿ ತುಂಬಿದಳು. ಅದಾದ ಮೇಲೆ ಮಗಳು ಯಾರನ್ನೂ ಕೇಳದೆ ತಾಟಿನಲ್ಲಿ ಅಕ್ಕಿ, ಖಣ, ಕೊಬ್ಬರಿ, ಐದು ಉತ್ತತ್ತಿ ಇಟ್ಟುಕೊಂಡು ಉಗ್ರಾಣಕ್ಕೆ ಹೋಗಿ, “ಆಯಿ, ಸೆರಗ ಒಡ್ಡ,” ಎಂದಳು.

ಅತ್ತೆ ನನ್ನ ಕಡೆಗೆ ನೋಡಿದಳು, ನನ್ನ ಹೆಂಡತಿಯ ಕಡೆಗೆ ನೋಡಿದಳು. ಸೆರಗಿನ ಚುಂಗು ಹಿಡಿಯುವದು ಎಡಗೈಯೋ ಬಲಗೈಯೋ ಎಂದು ಅವಳಿಗೆ ಒಂದು ಗಳಿಗೆ ತಿಳಿಯದಂತಾಯಿತು. ಹೇಗೋ ಒಡ್ಡಿದಳು. ಮಗಳು ಅಕ್ಕಿ ಹಾಕಿದಳು, ಖಣ ಹಾಕಿದಳು, ಕೊನೆಗೆ ಉತ್ತತ್ತಿ. ಅತ್ತೆಯ ಬಲಗೈ ತಾನಾಗಿಯೇ ಉಡಿಯೊಳಗೆ ಹೋಗಿ ಒಂದು ಉತ್ತತ್ತಿಯನ್ನು ಎತ್ತಿತು. ಅಂಗೈಯಲ್ಲಿ ಅದನ್ನು ತೂಗಿದಳು.

“ಇದ ಹಗರ ಐತಿ. ಹುಳಾ ಬಿದ್ದೈತಿ ನೋಡ. ಬ್ಯಾರೇದ ತಾ,” ಎಂದಳು.

ಮಗಳು ಡಬ್ಬಿಯನ್ನೇ ತಂದು ಮುಂದಿಟ್ಟಳು. ಅತ್ತೆ ಕಟ್ಟಿದ ಉಡಿಯನ್ನು ಟೊಂಕಕ್ಕೆ ಸಿಕ್ಕಿಸಿಕೊಂಡು, ನೆಲದ ಮೇಲೆ ಕೂತು, ಡಬ್ಬಿಯನ್ನೆಲ್ಲ ಮರದಲ್ಲಿ ಸುರಿದು ಆರಿಸತೊಡಗಿದಳು. ಬಸ್ಸಿಗೆ ಹೊತ್ತಾಯಿತೆಂದು ನಾನು ಹೊರಗಿನಿಂದ ಎರಡು ಸಲ ಕೂಗಿದೆ.